ಓದುಗರ ಪ್ರಶ್ನೆ, ನಮ್ಮ ಉತ್ತರ: ಬಾವುಟದಲ್ಲಿ ಮತ, ಕಡತದಲ್ಲಿ ಗಡಿ

ಪಶ್ಚಿಮ ಏಷ್ಯಾದ ಕದನಗಳ ಬಗ್ಗೆ ದಾವಣಗೆರೆ ಮತ್ತು ಚಿತ್ರದುರ್ಗ ಜಿಲ್ಲೆಗಳ ಓದುಗರು ಬರೆದ ಪತ್ರಗಳಿಂದ ಎಂಟು ಪ್ರಶ್ನೆಗಳನ್ನು ಆರಿಸಿದ್ದೇವೆ. ಮಾಯಕೊಂಡದಿಂದ ಬಂದ ಪ್ರಶ್ನೆ ನಮ್ಮದೇ ನೆಲದ್ದು. ಉಳಿದ ಏಳನ್ನು ಅರ್ಥಮಾಡಿಕೊಳ್ಳಲು ಅದೇ ಹೆಚ್ಚು ನೆರವಾಗುವುದರಿಂದ ಅದಕ್ಕೆ ಹೆಚ್ಚು ಜಾಗ ಕೊಟ್ಟಿದ್ದೇವೆ.

ಪ್ರಶ್ನೆ: ಇರಾನ್ ಮತ್ತು ಸೌದಿ ಅರೇಬಿಯಾದ ವೈರ 1,400 ವರ್ಷಗಳ ಶಿಯಾ–ಸುನ್ನಿ ಜಗಳದ ಮುಂದುವರಿಕೆ ಎಂದು ಟಿ.ವಿ.ಯಲ್ಲಿ ಹೇಳುತ್ತಾರೆ. ಹೌದೇ?
— ಎ.ಪಿ.ಎಂ.ಸಿ. ವರ್ತಕರು, ದಾವಣಗೆರೆ

ಉತ್ತರ: ಭೇದ ಹಳೆಯದು, ದೇಶಗಳ ಜಗಳ ಹೊಸದು. ಎರಡನ್ನೂ ಒಂದೇ ದಾರಕ್ಕೆ ಪೋಣಿಸಿದರೆ ನಡುವಿನ ಶತಮಾನಗಳೇ ಕಾಣೆಯಾಗುತ್ತವೆ.

ಪ್ರವಾದಿ ಮುಹಮ್ಮದರು 632ರಲ್ಲಿ ತೀರಿಕೊಂಡಾಗ ಸಮುದಾಯದ ನಾಯಕತ್ವ ಯಾರಿಗೆ ಸೇರಬೇಕು ಎಂಬಲ್ಲಿ ಒಡಕು ಮೂಡಿತು. ಪ್ರವಾದಿಯ ಅಳಿಯ ಅಲಿ ಮತ್ತು ಅವರ ವಂಶಕ್ಕೆ ಎಂದವರು ಶಿಯಾಗಳು, ಸಮುದಾಯ ಆರಿಸಿದವರಿಗೆ ಎಂದವರು ಸುನ್ನಿಗಳು. 680ರಲ್ಲಿ ಕರ್ಬಲಾದಲ್ಲಿ ಅವರ ಮೊಮ್ಮಗ ಹುಸೇನರು ಮಡಿದರು. ನಮ್ಮ ಹಳ್ಳಿಗಳಲ್ಲಿ ಮೊಹರಂ ದಿನ ಅಲಾಯಿ ಕುಣಿಯ ಸುತ್ತ ಹಿಂದೂಗಳೂ ಮುಸ್ಲಿಮರೂ ಕೂಡಿ ಹೆಜ್ಜೆ ಹಾಕುವುದು ಆ ಸಾವಿನ ನೆನಪಿಗೇ. ಆಮೇಲೆ ಈಜಿಪ್ಟಿನ ಫಾತಿಮಿಗಳಂಥ ಶಿಯಾ ಅರಸರು ಅಲ್ಲಲ್ಲಿ ಆಳಿದರು. ಆದರೆ ಇಂದಿನ ನಕ್ಷೆಗೆ ಬುನಾದಿ ಬಿದ್ದದ್ದು 1501ರಲ್ಲಿ, ಸಫವಿ ವಂಶದ ಷಾ ಇಸ್ಮಾಯಿಲ್ ಇರಾನಿನಲ್ಲಿ ಶಿಯಾ ಪಂಥವನ್ನು ರಾಜ್ಯಧರ್ಮ ಮಾಡಿದಾಗ. ಅವನ ಪಕ್ಕದಲ್ಲಿ ಸುನ್ನಿ ಆಟೊಮನ್ ಸಾಮ್ರಾಜ್ಯವಿತ್ತು. 1514ರಲ್ಲಿ ಚಾಲ್ದಿರಾನಿನಲ್ಲಿ ಸುಲ್ತಾನ ಸಲೀಂ ಫಿರಂಗಿಗಳ ಬಲದಿಂದ ಇಸ್ಮಾಯಿಲನನ್ನು ಸೋಲಿಸಿದ. ಮುಂದೆ ಒಂದು ಶತಮಾನಕ್ಕೂ ಹೆಚ್ಚು ಕಾಲ ಬಾಗ್ದಾದಿಗಾಗಿ ಕಾದಾಟ ನಡೆಯಿತು. 1639ರ ಝುಹಾಬ್ ಒಪ್ಪಂದ ಎಳೆದ ಗೆರೆಯೇ ಹೆಚ್ಚು ಕಡಿಮೆ ಇಂದಿನ ಇರಾನ್–ಇರಾಕ್ ಗಡಿ. ಶಿಯಾಗಳ ಪವಿತ್ರ ಊರುಗಳಾದ ನಜಫ್ ಮತ್ತು ಕರ್ಬಲಾ ಸುನ್ನಿ ಸಾಮ್ರಾಜ್ಯದ ಪಾಲಿಗೆ ಬಂದವು. ಗಡಿ ನಿಂತದ್ದು ಜಾಗ್ರೋಸ್ ಬೆಟ್ಟಸಾಲಿನ ಮಗ್ಗುಲಲ್ಲಿ. ಯಾವ ಪಂಥದ ಜನ ಎಲ್ಲಿದ್ದಾರೆ ಎಂದು ನೋಡಿ ಯಾರೂ ಆ ಗೆರೆ ಎಳೆಯಲಿಲ್ಲ.

ಅದರ ಅಲೆ ಕರ್ನಾಟಕಕ್ಕೂ ತಲುಪಿತ್ತು. 1502ರಲ್ಲಿ ವಿಜಯಪುರದ ಯೂಸುಫ್ ಆದಿಲ್ ಖಾನ್ ಶಿಯಾ ಪದ್ಧತಿಯ ಖುತ್ಬಾ (ಶುಕ್ರವಾರದ ಪ್ರಾರ್ಥನೆಯ ಪ್ರವಚನ, ದೊರೆಯ ಹೆಸರು ಹೇಳುವುದೂ ಅದರಲ್ಲೇ) ಓದಿಸಿದ. ಅವನ ವಂಶದ ಅರಸರು ಮುಂದೆ ಒಮ್ಮೆ ಸುನ್ನಿ, ಒಮ್ಮೆ ಶಿಯಾ ಎಂದು ಬದಲಾದರು. ಸೊಲ್ಲಾಪುರದಂಥ ಕೋಟೆಗಳಿಗಾಗಿ ಅಹಮದ್‌ನಗರದೊಡನೆ ಇದ್ದ ಕಾದಾಟ ಮಾತ್ರ ಬದಲಾಗಲಿಲ್ಲ. 1636ರಲ್ಲಿ ಷಹಜಹಾನ್ ಗೋಲ್ಕೊಂಡದ ಮೇಲೆ ಹೇರಿದ ಕರಾರಿನಲ್ಲಿ ಖುತ್ಬಾದಿಂದ ಇರಾನಿನ ಷಾ ಹೆಸರನ್ನು ತೆಗೆಯಬೇಕು ಎಂಬ ಷರತ್ತಿತ್ತು. ನೋಡಲು ಪ್ರಾರ್ಥನೆಯ ವಿಷಯ. ನಿಜಕ್ಕೂ ಗೋಲ್ಕೊಂಡ ಯಾರಿಗೆ ಅಧೀನ ಎಂಬ ವಿಷಯ.

ಇಂದಿನ ವೈರದ ಹುಟ್ಟಿದ ವರ್ಷ 1979. ಅದಕ್ಕೆ ಮುಂಚೆ ಇರಾನಿನ ಷಾ ಮತ್ತು ಸೌದಿ ದೊರೆ ಇಬ್ಬರೂ ಅಮೆರಿಕದ ಮಿತ್ರರು. ಕೊಲ್ಲಿಯ ಕಾವಲನ್ನು ಹಂಚಿಕೊಂಡಿದ್ದವರು. ಅಂದೂ ಒಬ್ಬರು ಶಿಯಾ, ಒಬ್ಬರು ಸುನ್ನಿ. ಆ ವರ್ಷ ಅರಸೊತ್ತಿಗೆ ಉರುಳಿಸಿದ ಧರ್ಮಗುರುಗಳ ಸರ್ಕಾರ, ರಾಜರ ಆಳ್ವಿಕೆಯೇ ಇಸ್ಲಾಮಿಗೆ ಹೊರತು ಎಂದು ಸಾರಿತು. ರಿಯಾದಿನ ರಾಜಮನೆತನಕ್ಕೆ ಇದು ಪಂಥಭೇದಕ್ಕಿಂತ ದೊಡ್ಡ ಬೆದರಿಕೆಯಾಗಿತ್ತು. 2016ರ ಜನವರಿಯಲ್ಲಿ ಕಡಿದುಬಿದ್ದ ರಾಜತಾಂತ್ರಿಕ ಸಂಬಂಧ 2023ರ ಮಾರ್ಚ್ 10ರಂದು ಬೀಜಿಂಗಿನಲ್ಲಿ ಮತ್ತೆ ಕೂಡಿತು. ಆ ಏಳು ವರ್ಷಗಳಲ್ಲಿ ಇಬ್ಬರ ಮತವೂ ಬದಲಾಗಲಿಲ್ಲ. 2019ರ ಸೆಪ್ಟೆಂಬರ್ 14ರಂದು ಸೌದಿಯ ಅಬ್ಕೈಕ್ ತೈಲ ಘಟಕದ ಮೇಲೆ ದಾಳಿಯಾಗಿ ದಿನಕ್ಕೆ 57 ಲಕ್ಷ ಬ್ಯಾರೆಲ್, ಅಂದರೆ ಆ ದೇಶದ ಉತ್ಪಾದನೆಯ ಸುಮಾರು ಅರ್ಧ, ಒಂದೇ ಬೆಳಗ್ಗೆ ನಿಂತುಹೋಗಿತ್ತು. ಅಮೆರಿಕ ಸೌದಿಯ ಪರವಾಗಿ ಯುದ್ಧಕ್ಕೆ ಇಳಿಯಲಿಲ್ಲ. ರಿಯಾದ್ ಮಾತುಕತೆಗೆ ಹೊರಳಿದ್ದಕ್ಕೆ ಆ ದಿನದ ಪಾಠ ದೊಡ್ಡ ಕಾರಣ ಎಂದು ನಾವು ನಂಬುತ್ತೇವೆ.

ಪ್ರಶ್ನೆ: ಇರಾನಿನವರು ಅರಬರಲ್ಲವೇ?
— ಪ್ರೌಢಶಾಲಾ ಶಿಕ್ಷಕಿ, ಹರಿಹರ

ಉತ್ತರ: ಅಲ್ಲ. ಅಲ್ಲಿನ ಬಹುಸಂಖ್ಯಾತರ ಭಾಷೆ ಪಾರಸಿ. ಅಜೇರಿ, ಕುರ್ದ್, ಬಲೂಚಿ, ಅರಬ್ ಜನರೂ ಇದ್ದಾರೆ. ತುರ್ಕಿಯವರೂ ಅರಬರಲ್ಲ. ಪಶ್ಚಿಮ ಏಷ್ಯಾದಲ್ಲಿ ಪಂಥದ ಗೆರೆಯ ಮೇಲೆ ಅರಬ್, ಪಾರಸಿ, ತುರ್ಕಿ, ಕುರ್ದ್ ಎಂಬ ಜನಾಂಗದ ಗೆರೆಗಳು ಅಡ್ಡಡ್ಡ ಹಾಯುತ್ತವೆ. ಯಾವ ಹೊತ್ತಿಗೆ ಯಾವ ಗೆರೆ ಗಟ್ಟಿ ಎಂಬುದರಿಂದಲೇ ಬಲಾಬಲ ನಿರ್ಧಾರವಾಗುತ್ತದೆ.

ಪ್ರಶ್ನೆ: ಒಂದೇ ಪಂಥದವರು ಎದುರಾಳಿಗಳಾದ, ಬೇರೆ ಪಂಥದವರು ಗೆಳೆಯರಾದ ಉದಾಹರಣೆ ಕೊಡಿ. ಸೆಮಿನಾರಿಗೆ ಬೇಕು.
— ಬಿ.ಎ. ವಿದ್ಯಾರ್ಥಿನಿ, ಚಿತ್ರದುರ್ಗ

ಉತ್ತರ: ನಾಲ್ಕು ಸಾಕು, ಆದರೆ ನಕ್ಷೆ ಮುಂದಿಟ್ಟುಕೊಂಡು ಹೇಳಿ.

ಮೊದಲನೆಯದು ಅಜೆರ್ಬೈಜಾನ್. ಶಿಯಾ ಬಹುಸಂಖ್ಯಾತ ದೇಶ. ಆದರೂ ಇರಾನಿನೊಡನೆ ಬಿಸುಪಿಲ್ಲ. ಸುನ್ನಿ ತುರ್ಕಿ ಅದರ ಆಪ್ತ, ಇಸ್ರೇಲ್ ಅದಕ್ಕೆ ಆಯುಧ ಮಾರುತ್ತದೆ. ಇರಾನ್ ಹತ್ತಿರವಾದದ್ದು ಕ್ರೈಸ್ತ ಆರ್ಮೇನಿಯಾಕ್ಕೆ. ಇರಾನಿನೊಳಗೆ ಅಜೇರಿಗಳು ಬಹುದೊಡ್ಡ ಅಲ್ಪಸಂಖ್ಯಾತರು. ಅಜೆರ್ಬೈಜಾನಿನ ರಾಜಧಾನಿ ಬಾಕು ಬಲಿತರೆ ಇರಾನಿನ ಅಜೇರಿ ನಗರ ತಬ್ರೀಜಿನ ಕಡೆ ಪ್ರತ್ಯೇಕತೆಯ ಗಾಳಿ ಬೀಸಬಹುದೆಂಬ ಅಂಜಿಕೆ ಟೆಹ್ರಾನಿನದು. ಆರ್ಮೇನಿಯಾದೊಡನೆ ಇರಾನಿಗಿರುವ ಗಡಿ ಕೇವಲ 40 ಕಿ.ಮೀ. ಆಸುಪಾಸು, ಆದರೆ ಉತ್ತರಕ್ಕೆ ತುರ್ಕಿ, ಅಜೆರ್ಬೈಜಾನ್ ಎರಡನ್ನೂ ತಪ್ಪಿಸಿ ಹೋಗುವ ದಾರಿ ಅದು. 2020ರಲ್ಲಿ ಸೆಪ್ಟೆಂಬರ್ 27ರಿಂದ ನಡೆದ 44 ದಿನಗಳ ಕರಬಾಖ್ ಯುದ್ಧದಲ್ಲಿ ಆರ್ಮೇನಿಯಾದ ಎದುರು ಅಜೆರ್ಬೈಜಾನ್ ಗೆದ್ದ ಮೇಲೆ, ಆ ಗಡಿ ಅಳಿಸಬಾರದು ಎಂದು ಇರಾನ್ ಮತ್ತೆ ಮತ್ತೆ ಎಚ್ಚರಿಸಿದ್ದು ಇದಕ್ಕೇ.

ಎರಡನೆಯದು ಕತಾರ್. 2017ರ ಜೂನ್ 5ರಿಂದ 2021ರ ಜನವರಿಯವರೆಗೆ ಸೌದಿ, ಯುಎಇ, ಬಹ್ರೇನ್, ಈಜಿಪ್ಟ್ ಕೂಡಿ ಅದಕ್ಕೆ ದಿಗ್ಬಂಧನ ಹಾಕಿದವು. ಸೌದಿಯೂ ಕತಾರೂ ಸುನ್ನಿ ಅರಸೊತ್ತಿಗೆಗಳು, ಒಂದೇ ವಹಾಬಿ ಸಂಪ್ರದಾಯದವು. ಕತಾರಿಗೆ ಇರುವ ಒಂದೇ ಭೂಗಡಿಯನ್ನು ಸೌದಿ ಮುಚ್ಚಿದಾಗ ಆಕಾಶಮಾರ್ಗ ತೆರೆದದ್ದು ಶಿಯಾ ಇರಾನ್. ಸೈನಿಕರನ್ನು ಕಳಿಸಿದ್ದು ತುರ್ಕಿ. ಕಾರಣ ಸಮುದ್ರದಡಿ ಇದೆ: ಜಗತ್ತಿನ ಅತಿ ದೊಡ್ಡ ಅನಿಲ ನಿಕ್ಷೇಪವನ್ನು ಕತಾರ್ ಮತ್ತು ಇರಾನ್ ಹಂಚಿಕೊಂಡಿವೆ. ನೆಲದಡಿಯ ಅನಿಲ ಗಡಿ ನೋಡಿ ನಿಲ್ಲುವುದಿಲ್ಲ, ಹಾಗಾಗಿ ಮಾತು ಬಿಡಲು ಇಬ್ಬರಿಗೂ ಆಗದು.

ಮೂರನೆಯದು ಕುರ್ದರದು. ಅವರಲ್ಲಿ ಬಹುಪಾಲು ಸುನ್ನಿಗಳು. ತುರ್ಕಿ, ಇರಾನ್, ಇರಾಕ್, ಸಿರಿಯಾಗಳಲ್ಲಿ ಹಂಚಿಹೋದವರು. 2017ರ ಸೆಪ್ಟೆಂಬರ್ 25ರಂದು ಇರಾಕಿನ ಕುರ್ದರು ಸ್ವಾತಂತ್ರ್ಯಕ್ಕೆ ಮತ ಹಾಕಿ, ಶೇ. 92ಕ್ಕೂ ಹೆಚ್ಚು ಮಂದಿ ಹೌದು ಎಂದಾಗ, ಸುನ್ನಿ ತುರ್ಕಿ, ಶಿಯಾ ಇರಾನ್ ಮತ್ತು ಶಿಯಾ ನಾಯಕತ್ವದ ಬಾಗ್ದಾದ್ ಮೂರೂ ಒಂದಾದವು. ಮೂರು ವಾರಗಳಲ್ಲಿ ತೈಲದ ಊರಾದ ಕಿರ್ಕೂಕ್ ಕುರ್ದರ ಕೈಬಿಟ್ಟಿತು.

ನಾಲ್ಕನೆಯದು ಹೆಚ್ಚಿನವರಿಗೆ ನೆನಪಿರದ ಯೆಮನ್. ಅಲ್ಲಿನ ಇಂದಿನ ಹೌತಿ ಬಂಡುಕೋರರು ಝೈದಿ ಎಂಬ ಶಿಯಾ ಒಳಪಂಥದವರು, ಸೌದಿಯ ಕಡುವೈರಿಗಳು. 1962ರಲ್ಲಿ ಅಲ್ಲಿನ ಝೈದಿ ಇಮಾಮನ ಗದ್ದುಗೆ ಉರುಳಿದಾಗ ಅವನ ಬೆನ್ನಿಗೆ ಹಣ, ಆಯುಧ ಕೊಟ್ಟು ನಿಂತದ್ದು ಇದೇ ಸೌದಿ. ಎದುರಿಗೆ ಗಣರಾಜ್ಯವಾದಿಗಳ ಪರ ನಿಂತದ್ದು ಸುನ್ನಿ ಈಜಿಪ್ಟಿನ ನಾಸರರ ಸೇನೆ. ಅರಸೊತ್ತಿಗೆಯನ್ನು ಉಳಿಸಿಕೊಳ್ಳುವುದು ಅಂದಿನ ಲೆಕ್ಕ, ಇರಾನನ್ನು ತಡೆಯುವುದು ಇಂದಿನ ಲೆಕ್ಕ.

ಪ್ರಶ್ನೆ: ನಮ್ಮ ಪಾಳೆಯಗಾರರ ಕಾಲದ ಯುದ್ಧಗಳು ಹಿಂದೂ–ಮುಸ್ಲಿಂ ಯುದ್ಧಗಳಾಗಿದ್ದವೇ? ದುರ್ಗ ಬಿದ್ದದ್ದನ್ನು ಈಗ ಹಾಗೆಯೇ ಹೇಳುತ್ತಾರೆ.
— ಕೃಷಿಕರು, ಮಾಯಕೊಂಡ

ಉತ್ತರ: ನಿಮ್ಮ ಊರಿನ ಯುದ್ಧದಿಂದಲೇ ಹೊರಡೋಣ. 1748ರಲ್ಲಿ ಮಾಯಕೊಂಡದಲ್ಲಿ ಚಿತ್ರದುರ್ಗದ ಹಿರೇಮದಕರಿ ನಾಯಕ ಕಾದಾಡಿ ಮಡಿದ. ಎದುರಿಗಿದ್ದವರು ಬಿದನೂರಿನ ವೀರಶೈವ ಅರಸರು, ಹರಪನಹಳ್ಳಿ ಮತ್ತು ರಾಯದುರ್ಗದ ನಾಯಕರು, ಸವಣೂರಿನ ಪಠಾಣ ನವಾಬ. ದುರ್ಗದ ಪರ ಕತ್ತಿ ಹಿಡಿದವರಲ್ಲಿ ಆರ್ಕಾಟಿನ ರಾಜಕಾರಣದಿಂದ ಬಂದ ಚಂದಾ ಸಾಹೇಬ ಇದ್ದ. ಎರಡೂ ಕಡೆ ಹಿಂದೂಗಳು, ಎರಡೂ ಕಡೆ ಮುಸ್ಲಿಮರು. ಹರಪನಹಳ್ಳಿಯವರು ಮತ್ತು ದುರ್ಗದವರು ಒಂದೇ ಬೇಡ ಸಮುದಾಯದವರು. ಆಮೇಲೆ ಪಟ್ಟಕ್ಕೆ ಬಂದ ಕಸ್ತೂರಿ ರಂಗಪ್ಪ ನಾಯಕ ಶಿರಾದ ಸುಬೇದಾರನ ಸ್ನೇಹ ಕಟ್ಟಿಕೊಂಡು ಮಾಯಕೊಂಡವನ್ನು ಮರಳಿ ಪಡೆದ.

ಶಿರಾವನ್ನು ಬಿಟ್ಟು ದುರ್ಗದ ರಾಜಕಾರಣ ಅರ್ಥವಾಗದು. 1687ರಿಂದ ಅದು ಮೊಗಲರ ಸುಬಾದ, ಅಂದರೆ ಪ್ರಾಂತ್ಯದ, ಕೇಂದ್ರ. ಇಂದಿನ ದಾವಣಗೆರೆ ಜಿಲ್ಲೆಯ ಬಸವಾಪಟ್ಟಣ ಅದರ ಏಳು ಪರಗಣೆಗಳಲ್ಲಿ ಒಂದು. ಚಿತ್ರದುರ್ಗ, ಹರಪನಹಳ್ಳಿ, ಬಿದನೂರು, ಮೈಸೂರು ಅದಕ್ಕೆ ಕಪ್ಪ ಕೊಡಬೇಕಾದ ಸಂಸ್ಥಾನಗಳು. 1757ರಿಂದ 1774ರ ನಡುವೆ ಶಿರಾ ಮರಾಠರ ಮತ್ತು ಹೈದರನ ಕೈಗಳ ನಡುವೆ ಮತ್ತೆ ಮತ್ತೆ ಬದಲಾಯಿತು. ಪ್ರತಿ ಸಲವೂ ದುರ್ಗದ ಬಾಗಿಲಿಗೆ ಹೊಸ ಹಕ್ಕುದಾರ ಬಂದು ಕಪ್ಪ ಕೇಳುತ್ತಿದ್ದ.

ಕೊನೆಯ ಮದಕರಿ ನಾಯಕ, 1754ರಿಂದ 1779ರವರೆಗೆ ಆಳಿದವನು, ಈ ಇಕ್ಕಟ್ಟಿನಲ್ಲಿ ಏನು ಮಾಡಿದನೆಂಬುದನ್ನು ವರ್ಷವಾರು ಓದಿ. 1763ರಲ್ಲಿ ಹೈದರ್ ಬಿದನೂರಿನ ಮೇಲೆ ಹೋಗುವಾಗ ದುರ್ಗ ಅವನ ಕಡೆ. ಬಿದನೂರಿನ ಗದ್ದುಗೆಯ ಹಕ್ಕುದಾರನೆಂದು ಹೇಳಿಕೊಂಡವನು ಹೈದರನನ್ನು ಕಂಡದ್ದೂ ಚಿತ್ರದುರ್ಗದಲ್ಲೇ. 1770ರಲ್ಲಿ ಪೇಶ್ವೆ ಮಾಧವರಾಯ ಮೈಸೂರಿನ ಮೇಲೆ ಬಂದಾಗ ನಿಜಗಲ್ ಕೋಟೆಗೆ ಲಗ್ಗೆ ಹಾಕಿ ಮರಾಠರಿಗೆ ಗೆದ್ದುಕೊಟ್ಟದ್ದು ದುರ್ಗದ ಪಡೆ. ಇದನ್ನು ಎರಡು ನಾಲಗೆಯ ನಡೆ ಎಂದು ಹಳಿಯುವವರಿದ್ದಾರೆ. ನಾವು ಒಪ್ಪುವುದಿಲ್ಲ. ಎರಡು ದೊಡ್ಡ ಶಕ್ತಿಗಳ ನಡುವಿನ ಸಣ್ಣ ರಾಜ್ಯಕ್ಕೆ ಇದ್ದ ದಾರಿ ಅದೊಂದೇ: ಬಲವಾದವನು ಇನ್ನೂ ಬಲವಾಗದಂತೆ ಮತ್ತೊಬ್ಬನ ಕಡೆ ತೂಕ ಹಾಕುವುದು.

ಈ ದಾರಿ ಕೈಕೊಡುವುದು ಒಂದೇ ಸಂದರ್ಭದಲ್ಲಿ: ತಕ್ಕಡಿಯ ಆಚೆ ತಟ್ಟೆ ಖಾಲಿಯಾದಾಗ. 1775ರಿಂದ ಪುಣೆಯ ದರ್ಬಾರು ಇಂಗ್ಲಿಷರೊಡನೆ ಯುದ್ಧದಲ್ಲಿ ಸಿಕ್ಕಿಕೊಂಡಿತ್ತು. 1777ರಲ್ಲಿ ಮರಾಠರು ಮತ್ತು ನಿಜಾಮ ಮೈಸೂರಿನ ಮೇಲೆ ಬರುವಂತಿದ್ದಾಗ ಮದಕರಿ ಹೈದರನ ಕರೆಗೆ ಪಡೆ ಕಳಿಸಲಿಲ್ಲ, ಮುತ್ತಿಗೆ ಬಿತ್ತು. 1779ರ ಹೊತ್ತಿಗೆ ಮರಾಠರಿಂದ ನೆರವು ಬರುವ ಸ್ಥಿತಿ ಇರಲಿಲ್ಲ, ಕೋಟೆ ಬಿತ್ತು. ನಾಯಕನ ಸೇವೆಯಲ್ಲಿದ್ದ ಕೆಲ ಮುಸ್ಲಿಂ ಸೈನಿಕರು ದ್ರೋಹ ಮಾಡಿದರೆಂದು ಗೆಜೆಟಿಯರುಗಳು ಹೇಳುತ್ತವೆ. ಆ ಮಾತನ್ನು ಮುಚ್ಚಿಡಬೇಕಿಲ್ಲ. ಆದರೆ ಅದೇ ವಾಕ್ಯ ಇನ್ನೊಂದನ್ನೂ ಹೇಳುತ್ತದೆ: ಹೈದರನ ಎದುರು ದುರ್ಗವನ್ನು ಕಾಯಲು ನಾಯಕ ಮುಸ್ಲಿಂ ಸೈನಿಕರನ್ನು ನಂಬಿ ಇಟ್ಟುಕೊಂಡಿದ್ದ. ಕುಟುಂಬದೊಂದಿಗೆ ನಾಯಕನನ್ನು ಶ್ರೀರಂಗಪಟ್ಟಣಕ್ಕೆ ಸೆರೆ ಒಯ್ದರು. ಸುಮಾರು 20,000 ಬೇಡರನ್ನು ಎಬ್ಬಿಸಿ ಅಲ್ಲಿಗೆ ಸಾಗಿಸಿದರು, ಹುಡುಗರನ್ನು ಮತಾಂತರಿಸಿ, ಅಂಥವರಿಂದಲೇ ಕಟ್ಟಿದ ಚೇಲಾ ಪಡೆಗಳಿಗೆ ಸೇರಿಸಿದರು. ಈ ಕ್ರೌರ್ಯಕ್ಕೆ ಯಾವ ಲೆಕ್ಕಾಚಾರವೂ ಸಮಜಾಯಿಷಿಯಾಗದು. ಇದೇ ಹೈದರ್ ದಾವಣಗೆರೆಯನ್ನು ಅಪೋಜಿರಾಮ್ ಎಂಬ ಮರಾಠಾ ಸರದಾರನಿಗೆ ಜಹಗೀರು ಕೊಟ್ಟ. ವರ್ತಕರನ್ನು ಕರೆಸಿ ನೆಲೆಗೊಳಿಸಿ ಪೇಟೆ ಬೆಳೆಸಿದ್ದು ಆ ಸರದಾರ.

ಮುಂದಿನ ಪೀಳಿಗೆಯಲ್ಲೂ ಇದೇ ಕಥೆ. 1790ರಲ್ಲಿ ಟಿಪ್ಪುವಿನ ಎದುರು ಒಂದಾದವರು ಇಂಗ್ಲಿಷರು, ಮರಾಠರು ಮತ್ತು ಹೈದರಾಬಾದಿನ ನಿಜಾಮ. 1791ರಲ್ಲಿ ಶೃಂಗೇರಿ ಮಠವನ್ನು ದೋಚಿದ್ದು ಮರಾಠಾ ಸೇನೆಯ ಜೊತೆ ಬಂದ ದಂಡು. ಪುನರುದ್ಧಾರಕ್ಕೆ ಹಣ ಕಳಿಸಿದ್ದು ಟಿಪ್ಪು. ಟಿಪ್ಪು ಆಟೊಮನ್ ಸುಲ್ತಾನನನ್ನು ಖಲೀಫ ಎಂದು ಗೌರವಿಸಿ 1786ರಲ್ಲಿ ನಿಯೋಗ ಕಳಿಸಿದ್ದ. 1798ರಲ್ಲಿ ಗದ್ದುಗೆಯಲ್ಲಿದ್ದ ಖಲೀಫ, ಮೂರನೇ ಸಲೀಂ, ಟಿಪ್ಪುವಿಗೆ ಬರೆದದ್ದು ಏನು? ಫ್ರೆಂಚರನ್ನು ಬಿಡು, ಇಂಗ್ಲಿಷರೊಡನೆ ಹಗೆ ಬೇಡ. ಆ ವರ್ಷವೇ ನೆಪೋಲಿಯನ್ ಆಟೊಮನ್ನರ ಈಜಿಪ್ಟಿಗೆ ನುಗ್ಗಿದ್ದ, ಖಲೀಫನಿಗೆ ಇಂಗ್ಲಿಷ್ ನೌಕಾಬಲ ಬೇಕಿತ್ತು. ಎಂಟು ತಿಂಗಳಾಗುವಷ್ಟರಲ್ಲಿ ಶ್ರೀರಂಗಪಟ್ಟಣ ಬಿತ್ತು.

ಪ್ರಶ್ನೆ: ಒಬ್ಬ ಸರ್ವಾಧಿಕಾರಿ ಬಿದ್ದರೆ ಆ ಪ್ರದೇಶ ಶಾಂತವಾಗಬೇಕಲ್ಲ? ಇನ್ನಷ್ಟು ಹೊತ್ತಿಕೊಳ್ಳುವುದೇಕೆ?
— ನಿವೃತ್ತ ಬ್ಯಾಂಕ್ ನೌಕರರು, ಹಿರಿಯೂರು

ಉತ್ತರ: ಅವನು ಮಾಡುತ್ತಿದ್ದ ಅನ್ಯಾಯದ ಜೊತೆಗೆ ಅವನು ತಡೆದು ನಿಲ್ಲಿಸಿದ್ದ ಶಕ್ತಿಯೂ ಬಿಡುಗಡೆಯಾಗುತ್ತದೆ. ಸದ್ದಾಂ ಹುಸೇನನ ಇರಾಕ್ 1980ರಿಂದ 1988ರವರೆಗೆ ಇರಾನಿನೊಡನೆ ಕಾದಿತು. ಆ ಯುದ್ಧದಲ್ಲಿ ಇರಾಕಿನ ಕಾಲಾಳುಗಳಲ್ಲಿ ಬಹಳ ಮಂದಿ ಶಿಯಾಗಳೇ. ಅವರು ಶಿಯಾ ಇರಾನಿನ ಕಡೆ ಹೊರಳಲಿಲ್ಲ. ಇರಾನಿನ ಖೂಜಿಸ್ತಾನದ ಅರಬರೂ ಸದ್ದಾಂನ ಕಡೆ ಎದ್ದು ಬರಲಿಲ್ಲ. ಪಂಥಕ್ಕಿಂತ ದೇಶ ಮೇಲಾಯಿತು. ಇಸ್ರೇಲ್ ಗುಟ್ಟಾಗಿ ಇರಾನಿಗೆ ಆಯುಧ ಕೊಟ್ಟದ್ದೂ ಆಗಲೇ. 2003ರಲ್ಲಿ ಅಮೆರಿಕ ಸದ್ದಾಂನನ್ನು ಕಿತ್ತು, ಸೇನೆಯನ್ನೇ ವಿಸರ್ಜಿಸಿತು. ಸಂಬಳ ನಿಂತ, ಬಂದೂಕು ಬಲ್ಲ ಲಕ್ಷಾಂತರ ಗಂಡಸರು ಬೀದಿಗೆ ಬಿದ್ದರು. ಗೆದ್ದವರಿಗಿಂತ ಹೆಚ್ಚು ಲಾಭ ಇರಾನಿಗಾಯಿತು: ಬಾಗ್ದಾದ್, ಡಮಾಸ್ಕಸ್ ದಾಟಿ ಲೆಬನಾನಿನಲ್ಲಿ ತಾನು ಸಾಕಿದ ಶಿಯಾ ಪಡೆ ಹಿಜ್ಬುಲ್ಲಾವರೆಗೆ ಭೂಮಾರ್ಗ ಸಿಕ್ಕಿತು. 2024ರ ಡಿಸೆಂಬರ್ 8ರಂದು ಸಿರಿಯಾದ ಅಸಾದ್ ಓಡಿಹೋದಾಗ ಆ ಸರಪಳಿಯ ನಡುಗೊಂಡಿ ಕಳಚಿತು. ಆ ಜಾಗಕ್ಕೆ ಶಾಂತಿ ಬರಲಿಲ್ಲ. ತುರ್ಕಿಯ ಪ್ರಭಾವ ಬಂತು, ಅದರ ಹಿಂದೆಯೇ ತುರ್ಕಿ ಮತ್ತು ಇಸ್ರೇಲ್ ನಡುವಿನ ಪೈಪೋಟಿ ಬಂತು.

ಪ್ರಶ್ನೆ: ಹಾಗಾದರೆ ಮತಕ್ಕೆ ಪಾತ್ರವೇ ಇಲ್ಲ ಎನ್ನುತ್ತೀರಾ?
— ಓದುಗರು, ಹೊಳಲ್ಕೆರೆ

ಉತ್ತರ: ಇಲ್ಲ, ಹಾಗೆ ಹೇಳುವುದು ಇನ್ನೊಂದು ತುದಿಯ ತಪ್ಪು. ಯಾರ ಎದುರು ನಿಲ್ಲಬೇಕೆಂಬುದನ್ನು ಹೆಚ್ಚಾಗಿ ಗಡಿ ಮತ್ತು ಭಯ ತೀರ್ಮಾನಿಸುತ್ತವೆ. ಆದರೆ ಜನರನ್ನು ಸೇರಿಸುವುದು, ಹಣ ಎತ್ತುವುದು, ಸಾವಿಗೆ ಅರ್ಥ ಕೊಡುವುದು ಮತದಿಂದಲೇ. 2014ರ ಜೂನಿನಲ್ಲಿ ಸುನ್ನಿ ಉಗ್ರರ ಪಡೆ ಐಸಿಸ್ ಇರಾಕಿನ ಮೊಸುಲ್ ಹಿಡಿದು ಬಾಗ್ದಾದಿನತ್ತ ಬಂದಾಗ ನಜಫಿನ ಧರ್ಮಗುರು ಸಿಸ್ತಾನಿ ಕೊಟ್ಟ ಒಂದು ಕರೆಗೆ ಸಾವಿರಾರು ಯುವಕರು ಸೇರಿದರು. ಕರಗಿಹೋದ ಸರ್ಕಾರಿ ಸೇನೆಗೆ ಅದು ಆಗಿರಲಿಲ್ಲ. ಸೌದಿ ದೊರೆ 1986ರಿಂದ ಎರಡು ಪವಿತ್ರ ಮಸೀದಿಗಳ ಸೇವಕ ಎಂಬ ಬಿರುದು ಧರಿಸಿರುವುದು ಬರೀ ಭಕ್ತಿಗಲ್ಲ, ಗದ್ದುಗೆಯ ಹಕ್ಕಿಗೂ ಅದು ಆಧಾರ.

ಮತ ಸೇರಿದಾಗ ರಾಜಿ ಕಷ್ಟವಾಗುತ್ತದೆ ಎಂಬುದು ಇನ್ನೊಂದು ಪರಿಣಾಮ. ನೀರು, ನೆಲ, ತೈಲವನ್ನು ಅಳೆದು ಹಂಚಬಹುದು. ಜೆರುಸಲೇಮಿನ ಒಂದೇ ದಿಬ್ಬ ಯೆಹೂದ್ಯರಿಗೆ ಪ್ರಾಚೀನ ದೇವಾಲಯದ ಜಾಗ, ಮುಸ್ಲಿಮರಿಗೆ ಅಲ್-ಅಕ್ಸಾ. 2000ದ ಕ್ಯಾಂಪ್ ಡೇವಿಡ್ ಮಾತುಕತೆ ಕಗ್ಗಂಟಾದ ಮುಖ್ಯ ಪ್ರಶ್ನೆಗಳಲ್ಲಿ ಅದೂ ಒಂದು.

ಅಧಿಕಾರವನ್ನು ಮತದ ಲೆಕ್ಕದಲ್ಲೇ ಹಂಚಿದರೆ ಏನಾಗುತ್ತದೆ ಎಂಬುದಕ್ಕೆ ಲೆಬನಾನ್ ನೋಡಿ. 1943ರ ಒಡಂಬಡಿಕೆಯಂತೆ ಅಧ್ಯಕ್ಷರು ಮೆರೊನೈಟ್ ಕ್ರೈಸ್ತರು, ಪ್ರಧಾನಿ ಸುನ್ನಿ, ಸ್ಪೀಕರ್ ಶಿಯಾ. ಸಂಸತ್ತಿನಲ್ಲಿ ಕ್ರೈಸ್ತರಿಗೂ ಮುಸ್ಲಿಮರಿಗೂ 6ಕ್ಕೆ 5ರ ಪಾಲು. 15 ವರ್ಷಗಳ ಅಂತರ್ಯುದ್ಧದ ಕೊನೆಯಲ್ಲಿ, 1989ರ ತಾಯಿಫ್ ಒಪ್ಪಂದದ ಮೇಲೆ, ಸಮಪಾಲಾಗಿ ಈಗ 64 ಮತ್ತು 64. ಮೊದಲಿನ ಪಾಲಿಗೆ ಆಧಾರ 1932ರ ಜನಗಣತಿ. ಆಮೇಲೆ ಗಣತಿಯೇ ಆಗಿಲ್ಲ, ಏಕೆಂದರೆ ಹೊಸ ಲೆಕ್ಕ ಬಂದರೆ ಹಳೆಯ ಪಾಲು ಬಿದ್ದುಹೋಗುತ್ತದೆ. 2022ರ ಅಕ್ಟೋಬರಿನಿಂದ 2025ರ ಜನವರಿ 9ರವರೆಗೆ ದೇಶಕ್ಕೆ ಅಧ್ಯಕ್ಷರೇ ಇರಲಿಲ್ಲ. ಪ್ರತಿ ಗುಂಪಿಗೂ ತಡೆಯುವ ಶಕ್ತಿ ಇದೆ, ಮುನ್ನಡೆಸುವ ಶಕ್ತಿ ಯಾರಿಗೂ ಇಲ್ಲ. ಆಗ ಪ್ರತಿ ಗುಂಪೂ ಹೊರದೇಶದ ಪೋಷಕನನ್ನು ಹುಡುಕುತ್ತದೆ.

ಪ್ರಶ್ನೆ: ಅಲ್ಲಿ ಯುದ್ಧವಾದರೆ ಇಲ್ಲಿ ಮೆಕ್ಕೆಜೋಳಕ್ಕೆ ಯೂರಿಯಾ ಸಿಗುವುದಿಲ್ಲ ಎನ್ನುತ್ತಾರೆ. ಸಂಬಂಧ ಏನು?
— ರೈತರು, ಜಗಳೂರು

ಉತ್ತರ: ಯೂರಿಯಾ ಮಾಡುವುದು ನೈಸರ್ಗಿಕ ಅನಿಲದಿಂದ. ನಮ್ಮ ಕಾರ್ಖಾನೆಗಳಿಗೆ ಬೇಕಾದ ಅನಿಲದಲ್ಲಿ ದೊಡ್ಡ ಪಾಲು ದ್ರವರೂಪದಲ್ಲಿ ಹಡಗಿನಲ್ಲಿ ಬರುತ್ತದೆ. ಅದನ್ನು ಅತಿ ಹೆಚ್ಚು ಪೂರೈಸುತ್ತ ಬಂದದ್ದು ಕತಾರ್. ಸಿದ್ಧ ಯೂರಿಯಾ, ಡಿ.ಎ.ಪಿ. ಕೂಡ ಒಮಾನ್, ಸೌದಿಯಂಥ ದೇಶಗಳಿಂದ ಬರುತ್ತವೆ. ಕತಾರಿನ ಅನಿಲಕ್ಕೆ ಸಮುದ್ರಕ್ಕೆ ಬೇರೆ ಬಾಗಿಲಿಲ್ಲ, ಹೊರ್ಮುಜ್ ಜಲಸಂಧಿಯನ್ನೇ ದಾಟಬೇಕು. ಅದರ ಕಿರಿದಾದ ಭಾಗ ಸುಮಾರು 35 ಕಿ.ಮೀ.; ಅದರೊಳಗೆ ದೊಡ್ಡ ಹಡಗುಗಳು ಸಾಗುವ ಪಥ ಹೋಗಲು 2, ಬರಲು 2 ನಾಟಿಕಲ್ ಮೈಲಿ ಮಾತ್ರ. ಒಂದು ದಡ ಇರಾನಿನದು. 2024ರಲ್ಲಿ ಈ ದಾರಿಯಲ್ಲಿ ದಿನಕ್ಕೆ ಸುಮಾರು 2 ಕೋಟಿ ಬ್ಯಾರೆಲ್ ತೈಲ ಸಾಗಿತು, ಜಗತ್ತಿನ ಬಳಕೆಯ ಐದರಲ್ಲಿ ಒಂದು ಪಾಲು. ಒಂದು ಬ್ಯಾರೆಲ್ ಎಂದರೆ 159 ಲೀಟರ್. ತೈಲಕ್ಕೆ ಸೌದಿಯಲ್ಲಿ ಕೆಂಪು ಸಮುದ್ರದ ಯಾನ್ಬುವರೆಗೆ ಸುಮಾರು 1,200 ಕಿ.ಮೀ. ಕೊಳವೆ ಇದೆ, ಯುಎಇಗೆ ಫುಜೈರಾಕ್ಕೆ ಒಂದಿದೆ. ಎರಡೂ ಸೇರಿದರೂ ಆ 2 ಕೋಟಿಯ ಅರ್ಧವನ್ನೂ ಹೊರಲಾರವು.

ಸಂಧಿ ಮುಚ್ಚಲೇಬೇಕೆಂದಿಲ್ಲ, ಮುಚ್ಚಬಹುದೆಂಬ ಭಯ ಸಾಕು. ಹೌತಿಗಳು 2023ರ ನವೆಂಬರಿನಿಂದ ಹಡಗುಗಳ ಮೇಲೆ ದಾಳಿ ಶುರು ಮಾಡಿದ ಮೇಲೆ ಕೆಂಪು ಸಮುದ್ರದಲ್ಲಿ ಒಂದು ಪ್ರಯಾಣದ ಯುದ್ಧವಿಮೆ ಹಡಗಿನ ಬೆಲೆಯ ಶೇ. 1ರ ಹತ್ತಿರಕ್ಕೆ ಏರಿತ್ತು. 10 ಕೋಟಿ ಡಾಲರಿನ ಹಡಗಿಗೆ ಅದು 10 ಲಕ್ಷ ಡಾಲರ್. ವಿಮೆ ಬೇಡವೆಂದರೆ ಗುಡ್‌ಹೋಪ್ ಭೂಶಿರ ಸುತ್ತಬೇಕು, ಹತ್ತು ದಿನಕ್ಕೂ ಮೀರಿ ತಡ.

ಸರ್ಕಾರ ಕಚ್ಚಾ ತೈಲವನ್ನು ವಿಶಾಖಪಟ್ಟಣ, ಮಂಗಳೂರು ಮತ್ತು ಉಡುಪಿ ಜಿಲ್ಲೆಯ ಪಾದೂರಿನ ನೆಲಮಾಳಿಗೆಗಳಲ್ಲಿ ಇಡುತ್ತದೆ. ಒಟ್ಟು ಸಾಮರ್ಥ್ಯ 53.3 ಲಕ್ಷ ಟನ್, ದೇಶಕ್ಕೆ ಒಂಬತ್ತೂವರೆ ದಿನಗಳಷ್ಟು. ನೈಸರ್ಗಿಕ ಅನಿಲಕ್ಕೆ ಅಂಥ ಆಸರೆ ಇಲ್ಲ. 45 ಕೆ.ಜಿ. ಯೂರಿಯಾ ಚೀಲದ ಬೆಲೆಯನ್ನು ಸರ್ಕಾರ ನಿಗದಿ ಮಾಡಿರುವುದರಿಂದ ನಿಮಗೆ ದರ ಏರಿದ್ದು ಕಾಣುವುದಿಲ್ಲ. ಏಟು ಬೇರೆ ರೂಪದಲ್ಲಿ ಬೀಳುತ್ತದೆ: ಸಹಾಯಧನದ ಹೊರೆ ಏರುತ್ತದೆ, ಟೆಂಡರ್ ತಡವಾಗುತ್ತದೆ, ಜುಲೈನಲ್ಲಿ ಎಲ್ಲರಿಗೂ ಒಟ್ಟಿಗೆ ಮೇಲುಗೊಬ್ಬರ ಬೇಕಾದಾಗ ಸೊಸೈಟಿ ಮುಂದೆ ಸಾಲು ಬೆಳೆಯುತ್ತದೆ.

ನೀವು ಮಾಡಬಹುದಾದದ್ದು ಇಷ್ಟು. ಮಳೆಯಾಶ್ರಿತ ಮೆಕ್ಕೆಜೋಳಕ್ಕೆ ಎಕರೆಗೆ ಸುಮಾರು 40 ಕೆ.ಜಿ. ಸಾರಜನಕ ಸಾಕು. ಯೂರಿಯಾದಲ್ಲಿ ಶೇ. 46 ಸಾರಜನಕ ಇದೆ. ಬಿತ್ತುವಾಗ ಒಂದು ಚೀಲ ಡಿ.ಎ.ಪಿ. ಹಾಕಿದ್ದರೆ ಅದರಿಂದಲೇ 9 ಕೆ.ಜಿ. ಬಂದಿರುತ್ತದೆ, ಉಳಿದದ್ದಕ್ಕೆ ಒಂದೂವರೆ ಚೀಲ ಯೂರಿಯಾ ಸಾಕು, ಮೂರು ಚೀಲ ಬೇಕಿಲ್ಲ. ಬಿತ್ತಿದ 30ನೇ ದಿನದ ಆಸುಪಾಸು, ತೇವ ಇದ್ದಾಗ ಸಾಲಿನ ಮಗ್ಗುಲಿಗೆ ಹಾಕಿ ಮಣ್ಣು ಮುಚ್ಚಿ. ಮೇಲೆ ಚೆಲ್ಲಿ ಬಿಟ್ಟರೆ ಅಮೋನಿಯಾ ಆಗಿ ಗಾಳಿಗೆ ಹೋಗುತ್ತದೆ. ಸುದ್ದಿ ಕೇಳಿ ಹೆದರಿ ಹತ್ತಾರು ಚೀಲ ಕೂಡಿಡಬೇಡಿ. ಮಳೆಗಾಲದಲ್ಲಿ ತೇವ ಎಳೆದುಕೊಂಡು ಗಟ್ಟಿಯಾಗುತ್ತದೆ, ಪಕ್ಕದ ಹೊಲದವರಿಗೂ ಸಿಗುವುದಿಲ್ಲ.

ಪ್ರಶ್ನೆ: ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿದ್ದೇನೆ. ಪಶ್ಚಿಮ ಏಷ್ಯಾದ ಸುದ್ದಿಯನ್ನು ಯಾವ ಕ್ರಮದಲ್ಲಿ ಓದಬೇಕು?
— ಅಭ್ಯರ್ಥಿ, ಚಳ್ಳಕೆರೆ

ಉತ್ತರ: ಮೊದಲು ಬೆಟ್ಟ, ಕಣಿವೆ, ಜಲಸಂಧಿ ತೋರಿಸುವ ಭೌತಿಕ ನಕ್ಷೆ ತೆಗೆದು ಹೊರ್ಮುಜ್, ಬಾಬೆಲ್ ಮಂದೆಬ್, ಸೂಯೆಜ್ ಮೂರನ್ನೂ ಗುರುತು ಮಾಡಿ. ಆಮೇಲೆ ಸುದ್ದಿಯಲ್ಲಿರುವ ಪ್ರತಿ ಪಡೆಗೆ ಸಂಬಳ ಯಾರು ಕೊಡುತ್ತಾರೆ, ಬಿಡಿಭಾಗ ಎಲ್ಲಿಂದ ಬರುತ್ತದೆ ಎಂದು ಬರೆದುಕೊಳ್ಳಿ. ಎಫ್-15 ವಿಮಾನ ಹಾರಿಸುವ ದೇಶ ಬಿಡಿಭಾಗಕ್ಕೆ ಅಮೆರಿಕದತ್ತ ನೋಡಲೇಬೇಕು, ಅದರ ಧೈರ್ಯಕ್ಕೂ ಅಲ್ಲೇ ಮಿತಿ. ಕೊನೆಗೆ, ಅದೇ ಪಂಥದ ಬೇರೆ ಯಾವ ದೇಶ ಎದುರು ಕಡೆ ನಿಂತಿದೆ ಎಂದು ಹುಡುಕಿ. ಒಂದಾದರೂ ಸಿಕ್ಕರೆ ಪಂಥದ ವಿವರಣೆ ಸಾಲದೆಂದು ಅರ್ಥ.

ಅಭ್ಯರ್ಥಿಗಳು ಅಂಕ ಕಳೆದುಕೊಳ್ಳುವ ತಪ್ಪುಗಳು ಹೆಚ್ಚು ಕಡಿಮೆ ಇವೇ: ಹಮಾಸನ್ನು ಶಿಯಾ ಎಂದು ಬರೆಯುವುದು (ಅದು ಸುನ್ನಿ, ನೆರವು ಇರಾನಿನದು), ಹೌತಿಗಳ ಪಂಥವೂ ಇರಾನಿನ ಪಂಥವೂ ಒಂದೇ ಎನ್ನುವುದು (ಹೌತಿಗಳು ಝೈದಿಗಳು, ಇರಾನಿನವರು ಹನ್ನೆರಡು ಇಮಾಮರನ್ನು ಒಪ್ಪುವವರು), ಪಾಕಿಸ್ತಾನ ಸದಾ ಸೌದಿ ಹೇಳಿದಂತೆ ಕೇಳುತ್ತದೆ ಎನ್ನುವುದು. 2015ರ ಏಪ್ರಿಲಿನಲ್ಲಿ ಯೆಮನ್ ಯುದ್ಧಕ್ಕೆ ಸೇನೆ ಕಳಿಸಿ ಎಂದು ಸೌದಿ ಕೇಳಿದಾಗ ಪಾಕ್ ಸಂಸತ್ತು ಒಪ್ಪಲಿಲ್ಲ. 2025ರ ಸೆಪ್ಟೆಂಬರ್ 17ರಂದು ಅದೇ ಪಾಕಿಸ್ತಾನ ಸೌದಿಯೊಡನೆ ಪರಸ್ಪರ ರಕ್ಷಣಾ ಒಪ್ಪಂದಕ್ಕೆ ಸಹಿ ಹಾಕಿತು.

ಅಭ್ಯಾಸಕ್ಕೆ 2025ರ ಜೂನ್ 13ರಿಂದ 24ರವರೆಗಿನ ಇಸ್ರೇಲ್–ಇರಾನ್ ಯುದ್ಧ ತೆಗೆದುಕೊಳ್ಳಿ. ಜೂನ್ 22ರಂದು ಅಮೆರಿಕ ಇರಾನಿನ ಅಣುಕೇಂದ್ರಗಳ ಮೇಲೆ ಬಾಂಬ್ ಹಾಕಿತು. 23ರಂದು ಇರಾನ್ ಕತಾರಿನ ಅಲ್-ಉದೈದ್‌ನಲ್ಲಿರುವ ಅಮೆರಿಕದ ನೆಲೆಗೆ ಕ್ಷಿಪಣಿ ಬಿಟ್ಟಿತು, ಆದರೆ ಮುಂಚಿತವಾಗಿ ಸುಳಿವು ಕೊಟ್ಟು. 24ರಂದು ಕದನವಿರಾಮ, ಅದಕ್ಕೆ ಮಧ್ಯಸ್ಥಿಕೆ ವಹಿಸಿದವರಲ್ಲಿ ಕತಾರೂ ಒಂದು. ಇರಾನ್ ಯಾಕೆ ಕತಾರನ್ನು ಆರಿಸಿತು, ಯಾಕೆ ಸುಳಿವು ಕೊಟ್ಟಿತು, ತನ್ನ ನೆಲದ ಮೇಲೆ ಕ್ಷಿಪಣಿ ಬಿದ್ದರೂ ಕತಾರ್ ಯಾಕೆ ಮಾತುಕತೆ ಬಿಡಲಿಲ್ಲ: ಮೂರಕ್ಕೂ 200 ಪದಗಳ ಉತ್ತರ ಬರೆಯಿರಿ. ಶಿಯಾ, ಸುನ್ನಿ ಎಂಬ ಪದಗಳನ್ನು ಒಮ್ಮೆಯೂ ಬಳಸದೆ ಬರೆಯಿರಿ, ಆಮೇಲೆ ಆ ಪದಗಳನ್ನು ಸೇರಿಸಿದರೆ ಯಾವ ಸಾಲು ಬದಲಾಗುತ್ತದೆ ಎಂದು ನೋಡಿ.